ಉಂಗುರ ನೋಡಿ ನಂಬುವ ಪ್ರೋಗ್ರಾಮ್

ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ ಕಾಲೇಜು ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಊರವರ ಎದುರು ಆಡಿದ ಮಾತುಗಳ ಬರಹ ರೂಪ ಇದು. ಹೇಳುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕಾಲೇಜಿನ ಮಕ್ಕಳು ಕೂತಿದ್ದಾರೆ. ಹಿಂದೆ ಊರಿನ ಹಿರಿಯರು ಇದ್ದಾರೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಗೊತ್ತು, ಹಿರಿಯರಿಗೆ ಅಡಿಕೆ ಗೊತ್ತು. ನನಗೆ ಇವತ್ತು ಎರಡೂ ಬೇಕು. ಅಡಿಕೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆಯಲ್ಲಿ ಅಪ್ಪ ಬೆಳಿಗ್ಗೆ ಎದ್ದು ಕೇಳುವ ಮೊದಲ ಪ್ರಶ್ನೆ, "ಇವತ್ತು ರೇಟು ಎಷ್ಟುಂಟು?" ಹೊಸ ಅಡಿಕೆಗೆ ಎಷ್ಟು, ಹಳೆ ಅಡಿಕೆಗೆ ಎಷ್ಟು, ಪಟೋರಕ್ಕೆ ಎಷ್ಟು, ಕರಿಗೋಟಿಗೆ ಎಷ್ಟು. ತೋಟ ಇರುವುದು ಕೇರಳದಲ್ಲಿ, ಆದರೆ ರೇಟಿಗೆ ನಾವು ನೋಡುವುದು ಮಂಗಳೂರಿನ ಕಡೆಗೇ ಅಲ್ವಾ? ಆ ರೇಟು ಒಂದು ವೆಬ್ ಪುಟದಲ್ಲಿ ಬರುತ್ತಿತ್ತು. ಅಪ್ಪನಿಗೆ ಪುಟ ತೆರೆದು, ಕೆಳಗೆ ಜಾರಿಸಿ, ಸಣ್ಣ ಅಕ್ಷರದ ಪಟ್ಟಿಯಲ್ಲಿ ಹುಡುಕುವುದು ಕಷ್ಟ. ಅದಕ್ಕೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ದಿನಾ ಬೆಳಿಗ್ಗೆ ಏಳಕ್ಕೆ ಅದು ಪುಟವನ್ನು ತರುತ್ತದೆ. ಬೇಕಾದ ನಾಲ್ಕು ಸಂಖ್ಯೆ ಹೆಕ್ಕುತ್ತದೆ. ದೊಡ್ಡ ಅಕ್ಷರದಲ್ಲಿ ಅಪ್ಪನ ಫೋನಿಗೆ ಕಳಿಸುತ್ತದೆ. ಸ್ವಲ್ಪ ದಿನದಲ್ಲಿ ಅಕ್ಕಪಕ್ಕದ ಏಳೆಂಟು ಮನೆಯವರೂ "ನಮಗೂ ಕಳಿಸು" ಅಂದರು. ಅವರಿಗೂ ಹೋಗತೊಡಗಿತು.

ಒಂದು ದಿನ ಅದು ನಿಂತಿತು. ಪುಟ ಕಳಿಸುವ ತಾಣ ಅದೇ ಹೌದೇ ಎಂದು ನೋಡುವ ಸರ್ಟಿಫಿಕೇಟ್ ಪರೀಕ್ಷೆ ಸೋತಿದೆ ಎಂಬ ಅರ್ಥದ ಒಂದು ಉದ್ದ ಸಂದೇಶ. ಬ್ರೌಸರಿನಲ್ಲಿ ಅದೇ ಪುಟ ಸಲೀಸಾಗಿ ತೆರೆಯುತ್ತಿತ್ತು, ಬೀಗದ ಗುರುತೂ ಇತ್ತು. ಅಪ್ಪ ಎರಡು ಸಲ ಕೇಳಿದರು, ಪಕ್ಕದ ಮನೆಯವರು ಫೋನ್ ಮಾಡಿದರು. ನಾನು ಅಂತರ್ಜಾಲದಲ್ಲಿ ಹುಡುಕಿದೆ. ಮೊದಲು ಸಿಕ್ಕಿದ ಉತ್ತರ ಒಂದೇ ಸಾಲಿನದು: ಪುಟ ತರಲು ಬಳಸುವ ರಿಕ್ವೆಸ್ಟ್ಸ್ ಎಂಬ ಸಿದ್ಧ ಕೋಡಿಗೆ (ಲೈಬ್ರರಿಗೆ) 'ವೆರಿಫೈ' ಎಂಬ ಜಾಗದಲ್ಲಿ 'ಫಾಲ್ಸ್' ಎಂದು ಕೊಡಿ. ಅಂದರೆ ಪರೀಕ್ಷೆ ಮಾಡಬೇಡ ಎಂದು ಹೇಳಿ. ಹಾಗೇ ಮಾಡಿದೆ. ರೇಟು ಬಂತು. ಎಲ್ಲರಿಗೂ ಖುಷಿ.

ನಾಲ್ಕು ತಿಂಗಳು ಹಾಗೇ ಓಡಿತು. ಒಬ್ಬ ಗೆಳೆಯ ಕೋಡ್ ನೋಡಿ, "ಈ ಸಾಲು ಯಾಕೆ ಉಂಟು ಇಲ್ಲಿ?" ಎಂದು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಆ ನಾಲ್ಕು ತಿಂಗಳು ಬಂದ ರೇಟುಗಳೆಲ್ಲ ಸರಿಯಾದ ಕಡೆಯಿಂದಲೇ ಬಂದವೇ? ಬಂದಿರಬಹುದು. ಆದರೆ ನೋಡುವುದನ್ನೇ ನಿಲ್ಲಿಸಿದ್ದೆನಲ್ಲ, ಈಗ ಹೇಳಲು ದಾರಿಯೇ ಇಲ್ಲ. ನಡುವೆ ಯಾರಾದರೂ ಕೂತು ಕಿಲೋಗೆ ಹತ್ತು ರೂಪಾಯಿ ಕಡಿಮೆ ತೋರಿಸಿದ್ದರೆ, ಐದು ಕ್ವಿಂಟಲ್ ಮಾರುವ ಮನೆಗೆ 5,000 ರೂಪಾಯಿ ಹೋದ ಹಾಗೆ. ನನ್ನನ್ನು ನಂಬಿ ಮಾರಿದವರ ದುಡ್ಡು ಅದು.

ಆ ಸಾಲು ಏನನ್ನು ತೆಗೆದುಹಾಕುತ್ತದೆ ಎಂಬುದನ್ನು ನಿಮ್ಮೆದುರು ಬಿಡಿಸಿ ಇಡಬೇಕು ಎಂದೇ ಇವತ್ತು ಬಂದದ್ದು.

ಕುಂಬಳೆ ಸೀಮೆಯಲ್ಲಿ ಯಕ್ಷಗಾನ ನೋಡದೆ ಬೆಳೆದವರು ಕಡಿಮೆ. ಸೀತೆಯ ಕತೆ ನೆನಪು ಮಾಡಿಕೊಳ್ಳಿ. ಪಂಚವಟಿಯಲ್ಲಿ ಸನ್ಯಾಸಿಯ ವೇಷ ನೋಡಿ ನಂಬಿದಳು, ಭಿಕ್ಷೆ ಕೊಡಲು ಹೊರಗೆ ಬಂದಳು. ಆಮೇಲೆ ಆದದ್ದು ನಿಮಗೆ ಗೊತ್ತು. ಹಾಗಾಗಿ ಅಶೋಕವನದಲ್ಲಿ ಹನುಮಂತ ಬಂದು "ನಾನು ರಾಮನ ದೂತ" ಎಂದಾಗ ಅವಳು ತಕ್ಷಣ ನಂಬುವುದಿಲ್ಲ. ಇವನೂ ರಾವಣನ ಮಾಯೆ ಆಗಿರಬಹುದಲ್ಲ? ರಾಮ ಹೇಗಿದ್ದಾನೆ ಹೇಳು ಎನ್ನುತ್ತಾಳೆ. ಹನುಮಂತ ಹೇಳುತ್ತಾನೆ, ಉಂಗುರ ಕೊಡುತ್ತಾನೆ. ಆಗ ಅವಳ ಮನಸ್ಸು ತಿಳಿಯಾಗುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಿ. ಉಂಗುರ ಕೆಲಸ ಮಾಡಿದ್ದು ಸೀತೆಗೆ ಅದು ಮೊದಲೇ ಗೊತ್ತಿದ್ದರಿಂದ. ಗೊತ್ತಿಲ್ಲದ ಉಂಗುರ ಎಷ್ಟು ಹೊಳೆದರೂ ಪ್ರಯೋಜನ ಇಲ್ಲ. ಮತ್ತೆ, ಉಂಗುರವನ್ನು ಯಾರಾದರೂ ಕದ್ದು ತರಬಹುದು. ಅದಕ್ಕೇ ಅವಳು ಪ್ರಶ್ನೆಯನ್ನೂ ಕೇಳಿದಳು. ಸುರಕ್ಷಿತ ಸಂಪರ್ಕದಲ್ಲಿ ನಿಮ್ಮ ಪ್ರೋಗ್ರಾಮ್ ಮಾಡುವುದೂ ಇದೇ ಎರಡು ಕೆಲಸ.

ಪ್ರೋಗ್ರಾಮ್ ಒಂದು ಪುಟ ಬೇಕು ಎಂದು ಹೊರಟಾಗ ಮೊದಲು ತಾಣದ ಹೆಸರಿಗೆ ತಕ್ಕ ವಿಳಾಸ ಹುಡುಕುತ್ತದೆ. ಆ ವಿಳಾಸದ 443ನೇ ಪೋರ್ಟಿಗೆ, ಅಂದರೆ ಆ ಸಂಖ್ಯೆಯ ಬಾಗಿಲಿಗೆ, ಸಂಪರ್ಕ ಮಾಡುತ್ತದೆ. ಬೀಗ ಇಲ್ಲದ ಹಳೆಯ ದಾರಿಗೆ 80ನೇ ಪೋರ್ಟು. ಮೊದಲ ಮಾತಿನಲ್ಲೇ ಅದು ಹೇಳುತ್ತದೆ: ನನಗೆ ಇಂಥ ಹೆಸರಿನ ತಾಣ ಬೇಕು, ನನಗೆ ಇಷ್ಟು ಬಗೆಯ ಗುಪ್ತಲಿಪಿ ಬರುತ್ತದೆ, ಇಕೋ ನನ್ನ ಪಾಲಿನ ಅರ್ಧ ಕೀಲಿ. ಸರ್ವರ್, ಅಂದರೆ ತಾಣ ಇರುವ ಕಂಪ್ಯೂಟರ್, ತನ್ನ ಪಾಲಿನ ಅರ್ಧ ಕೀಲಿ ಕೊಡುತ್ತದೆ. ಈ ಎರಡು ಅರ್ಧಗಳು ಬಯಲಲ್ಲೇ ಓಡಾಡುತ್ತವೆ. ದಾರಿಯಲ್ಲಿ ಕೂತವನು ಎರಡನ್ನೂ ನೋಡಿದರೂ ಪೂರ್ತಿ ಕೀಲಿ ಮಾಡಲು ಆಗುವುದಿಲ್ಲ. ಈ ಉಪಾಯವನ್ನು ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ಅದರ ಗಣಿತ ಚಂದ ಉಂಟು, ಆದರೆ ಇವತ್ತು ಅಲ್ಲಿಗೆ ಹೋಗುವುದಿಲ್ಲ.

ಆಮೇಲೆ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಅದರಲ್ಲಿ ತಾಣದ ಹೆಸರು, ಎಂದಿನಿಂದ ಎಂದಿನವರೆಗೆ ಚಾಲ್ತಿಯಲ್ಲಿ ಉಂಟು ಎಂಬ ದಿನಾಂಕ, ಸರ್ವರಿನ ಬಹಿರಂಗ ಕೀಲಿ, ಕೊಟ್ಟವರ ಸಹಿ ಇರುತ್ತದೆ. ಸರ್ಟಿಫಿಕೇಟ್ ಗುಟ್ಟಿನ ವಸ್ತು ಅಲ್ಲ, ಯಾರು ಬೇಕಾದರೂ ಅದರ ಪ್ರತಿ ಇಟ್ಟುಕೊಳ್ಳಬಹುದು. ಹಾಗಾಗಿ ಸರ್ವರ್ ಇನ್ನೊಂದು ಕೆಲಸ ಮಾಡಬೇಕು. ಈಗ ತಾನೇ ನಡೆದ ಈ ಮಾತುಕತೆಗೆ ಆ ಬಹಿರಂಗ ಕೀಲಿಗೆ ಜೋಡಿಯಾದ, ತನ್ನಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ ಸಹಿ ಹಾಕಿ ತೋರಿಸಬೇಕು. ಉಂಗುರದ ಜೊತೆಗೆ ಸೀತೆ ಕೇಳಿದ ಪ್ರಶ್ನೆ ಅಂದರೆ ಇದು. ಕದ್ದ ಉಂಗುರ ತಂದವನು ಇಲ್ಲಿ ಸಿಕ್ಕಿಬೀಳುತ್ತಾನೆ.

ಈ ಭಾಷೆಯ ಹೆಸರು ಟಿಎಲ್‌ಎಸ್. ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಹೊರತಂದ ಎಸ್‌ಎಸ್‌ಎಲ್ ಇದರ ಅಜ್ಜ. 1999ರಲ್ಲಿ ಟಿಎಲ್‌ಎಸ್ ಎಂಬ ಹೆಸರು ಬಂತು. ಈಗಿನ 1.3 ಆವೃತ್ತಿ 2018ರದ್ದು. ಮೊದಲಿನ 1.2ರಲ್ಲಿ ಪುಟ ಕೇಳುವ ಮುಂಚೆ ಎರಡು ಸಲ ಹೋಗಿಬಂದು ಮಾತಾಡಬೇಕಿತ್ತು, ಈಗ ಒಂದು ಸಲ ಸಾಕು. ನಮ್ಮ ಕಡೆಯ ನೆಟ್‌ವರ್ಕಿನಲ್ಲಿ ಆ ಒಂದು ಸಲದ ಉಳಿತಾಯವೂ ಗೊತ್ತಾಗುತ್ತದೆ.

ಸರಿ, ಸರ್ಟಿಫಿಕೇಟಿಗೆ ಸಹಿ ಹಾಕಿದವರನ್ನು ಪ್ರೋಗ್ರಾಮ್ ನಂಬುವುದು ಹೇಗೆ? ನೀವೆಲ್ಲ ವಿಲೇಜ್ ಆಫೀಸಿನಿಂದ ಸರ್ಟಿಫಿಕೇಟ್ ತಂದವರೇ. ಅದನ್ನು ತಿರುವನಂತಪುರದಲ್ಲಿ ನೋಡುವ ಗುಮಾಸ್ತರಿಗೆ ಇಲ್ಲಿನ ವಿಲೇಜ್ ಆಫೀಸರ್ ಯಾರೆಂದು ಗೊತ್ತಿಲ್ಲ. ಆದರೂ ಮೊಹರು ನೋಡಿ ಒಪ್ಪುತ್ತಾರೆ, ಯಾಕೆಂದರೆ ಆ ಆಫೀಸರಿಗೆ ಅಧಿಕಾರ ಕೊಟ್ಟ ಸರಕಾರವನ್ನು ಅವರು ಬಲ್ಲರು. ಇಲ್ಲೂ ಹಾಗೆಯೇ. ಮೇಲೆ ಮೂಲ ಪ್ರಾಧಿಕಾರ, ನಡುವೆ ಅದು ಅಧಿಕಾರ ಕೊಟ್ಟ ಮಧ್ಯದ ಪ್ರಾಧಿಕಾರ, ಕೆಳಗೆ ತಾಣದ ಸರ್ಟಿಫಿಕೇಟ್. ಮೂಲದವರ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಸೀತೆಗೆ ಮೊದಲೇ ಗೊತ್ತಿದ್ದ ಉಂಗುರ ಅದೇ.

ಆದರೆ ಈ ಪಟ್ಟಿ ಒಂದೇ ಅಲ್ಲ. ವಿಂಡೋಸಿಗೆ ತನ್ನದು, ಫೈರ್‌ಫಾಕ್ಸಿಗೆ ತನ್ನದು, ಜಾವಾಕ್ಕೆ ತನ್ನದು. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ಸರ್ಟಿಫೈ ಎಂಬ ಪೊಟ್ಟಣದಲ್ಲಿ ಬರುವ, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಪಟ್ಟಿಯನ್ನು ಬಳಸುತ್ತದೆ. ಬ್ರೌಸರ್ ಒಪ್ಪಿದ್ದನ್ನು ಪ್ರೋಗ್ರಾಮ್ ಒಪ್ಪದೆ ಇರಲು ಇದೂ ಒಂದು ಕಾರಣ. ಈ ಪಟ್ಟಿಗಳ ಬಗ್ಗೆ ಕಾಳಜಿ ಯಾಕೆ ಬೇಕು ಎನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಉಂಟು. 2014ರ ಜುಲೈಯಲ್ಲಿ ಗೂಗಲ್ ತಾಣಗಳ ಹೆಸರಿನಲ್ಲಿ, ಗೂಗಲಿಗೆ ಗೊತ್ತಿಲ್ಲದೆ, ಸರ್ಟಿಫಿಕೇಟುಗಳು ಕಾಣಿಸಿಕೊಂಡವು. ಅವು ಹೊರಬಂದದ್ದು ಕೇಂದ್ರ ಸರಕಾರದ ನ್ಯಾಷನಲ್ ಇನ್ಫಾರ್ಮ್ಯಾಟಿಕ್ಸ್ ಸೆಂಟರಿನ ಮಧ್ಯದ ಪ್ರಾಧಿಕಾರದಿಂದ. ಭಾರತದ ಮೂಲ ಪ್ರಾಧಿಕಾರ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಇದ್ದುದರಿಂದ ವಿಂಡೋಸಿನ ಹೆಚ್ಚಿನ ಪ್ರೋಗ್ರಾಮುಗಳು ಅವನ್ನು ನಂಬುವ ಸ್ಥಿತಿಯಲ್ಲಿದ್ದವು. ತನ್ನದೇ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸಿಗೆ ಆ ತೊಂದರೆ ಬರಲಿಲ್ಲ. ಮೂರು ವರ್ಷ ಮೊದಲು, 2011ರಲ್ಲಿ, ನೆದರ್‌ಲ್ಯಾಂಡ್ಸಿನ ಡಿಜಿನೋಟಾರ್ ಎಂಬ ಪ್ರಾಧಿಕಾರಕ್ಕೆ ಕಳ್ಳರು ನುಗ್ಗಿ ಸುಳ್ಳು ಸರ್ಟಿಫಿಕೇಟು ಮಾಡಿಕೊಂಡಿದ್ದರು. ಇರಾನಿನ ಜನರ ಮಾತುಗಳನ್ನು ಕದ್ದು ನೋಡಲು ಅವು ಬಳಕೆಯಾದವು. ಎಲ್ಲ ಬ್ರೌಸರುಗಳೂ ಆ ಕಂಪನಿಯನ್ನು ಪಟ್ಟಿಯಿಂದ ತೆಗೆದವು, ಅದೇ ವರ್ಷ ಅದು ದಿವಾಳಿಯಾಯಿತು.

ಇದನ್ನು ಕೇಳಿ ಕೆಲವರು, "ಪ್ರಾಧಿಕಾರಗಳೇ ಹೀಗಾದರೆ ಪರೀಕ್ಷೆ ಮಾಡಿ ಏನು ಪ್ರಯೋಜನ?" ಎನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಸುಳ್ಳು ಸರ್ಟಿಫಿಕೇಟ್ ಮಾಡಲು ಒಂದು ಪ್ರಾಧಿಕಾರದ ಒಳಗೆ ನುಗ್ಗಬೇಕಾಯಿತು. ಅಷ್ಟು ಮಾಡಿದರೂ ಸಿಕ್ಕಿಬಿದ್ದರು. ಪರೀಕ್ಷೆಯನ್ನೇ ಮುಚ್ಚಿದ ಪ್ರೋಗ್ರಾಮನ್ನು ಮೋಸ ಮಾಡಲು ಅಷ್ಟು ಕಷ್ಟ ಬೇಡ. ಬಸ್ ಸ್ಟ್ಯಾಂಡಿನಲ್ಲಿ ಉಚಿತ ವೈಫೈ ಎಂದು ಹೆಸರಿಟ್ಟು ಕೂತ ಒಬ್ಬ ಹುಡುಗ ಸಾಕು. ತಾನೇ ಒಂದು ಸರ್ಟಿಫಿಕೇಟ್ ಮಾಡಿ ತೋರಿಸಿದರೆ ನಿಮ್ಮ ಪ್ರೋಗ್ರಾಮ್ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತದೆ. ಸಂದೇಶ ಗುಪ್ತಲಿಪಿಯಲ್ಲೇ ಹೋಗುತ್ತದೆ, ಆದರೆ ಹೋಗುವುದು ಅವನಿಗೆ. ಅದರಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದರೆ ಅದೂ ಅವನಿಗೆ.

ಪೈಥಾನಿನ ಸ್ವಂತ ಲೈಬ್ರರಿಯೇ ಬಹಳ ವರ್ಷ ಈ ಪರೀಕ್ಷೆಯನ್ನು ತಾನಾಗಿ ಮಾಡುತ್ತಿರಲಿಲ್ಲ ಎಂದು ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. 2014ರ ಡಿಸೆಂಬರಿನಲ್ಲಿ ಬಂದ 2.7.9ರಿಂದ, ಮತ್ತೆ ಮೂರರ ಸಾಲಿನಲ್ಲಿ 3.4.3ರಿಂದ, ಪರೀಕ್ಷೆ ಮಾಡುವುದೇ ಮಾಮೂಲಿಯಾಯಿತು. ಬೇಡ ಎನ್ನುವವರು ಈಗ ಬಾಯಿಬಿಟ್ಟು ಹೇಳಬೇಕು. ಕೆಲವು ಹಳೆಯ ಪಾಠಗಳಲ್ಲಿ ಆ ಹಿಂದಿನ ಕಾಲದ ಅಭ್ಯಾಸ ಇನ್ನೂ ಉಳಿದುಕೊಂಡಿದೆ. ಪಾಠ ಓದುವಾಗ ಬರೆದ ವರ್ಷ ನೋಡಿ.

ಈಗ ನನ್ನ ಪ್ರೋಗ್ರಾಮಿಗೆ ಏನಾಗಿತ್ತು ಹೇಳುತ್ತೇನೆ. ಗೆಳೆಯ ಮತ್ತು ನಾನು ಕೂತು ಸರ್ವರ್ ಏನು ಕಳಿಸುತ್ತದೆ ಎಂದು ಓಪನ್ ಎಸ್‌ಎಸ್‌ಎಲ್ ಸಲಕರಣೆಯಿಂದ ನೋಡಿದೆವು. ತಾಣದವರು ಸರ್ಟಿಫಿಕೇಟ್ ನವೀಕರಿಸಿದ್ದರು. ಆದರೆ ತಮ್ಮ ಸರ್ಟಿಫಿಕೇಟ್ ಮಾತ್ರ ಇಟ್ಟು, ಮಧ್ಯದ ಪ್ರಾಧಿಕಾರದ ಸರ್ಟಿಫಿಕೇಟ್ ಇಡುವುದನ್ನು ಮರೆತಿದ್ದರು. ಸರಪಳಿಯ ನಡುವಿನ ಕೊಂಡಿಯೇ ಇಲ್ಲ. ಬ್ರೌಸರಿಗೆ ಆ ಕೊಂಡಿ ಬೇರೆ ತಾಣಗಳಿಂದ ಮೊದಲೇ ಸಿಕ್ಕಿರಬಹುದು, ಇಲ್ಲದಿದ್ದರೆ ಸರ್ಟಿಫಿಕೇಟಿನಲ್ಲೇ ಬರೆದಿರುವ ವಿಳಾಸದಿಂದ ಹೋಗಿ ತಂದುಕೊಳ್ಳಬಹುದು. ರಿಕ್ವೆಸ್ಟ್ಸ್ ಅಷ್ಟೆಲ್ಲ ಮಾಡುವುದಿಲ್ಲ. ಕೊಟ್ಟದ್ದನ್ನು ಜೋಡಿಸಿ ನೋಡುತ್ತದೆ, ಸೇರದಿದ್ದರೆ ನಿಲ್ಲುತ್ತದೆ. ಅಂದರೆ ಆ ದಿನ ನನ್ನ ಪ್ರೋಗ್ರಾಮ್ ಹೇಳಿದ್ದು ನಿಜವೇ. ನಾನು ಕೇಳಿಸಿಕೊಳ್ಳಲಿಲ್ಲ.

ನಾವು ಆ ಪ್ರಾಧಿಕಾರದ ತಾಣದಿಂದಲೇ ಮಧ್ಯದ ಸರ್ಟಿಫಿಕೇಟ್ ತಂದು, ನಂಬುವ ಪಟ್ಟಿಯ ಕಡತಕ್ಕೆ ಸೇರಿಸಿ, 'ವೆರಿಫೈ' ಜಾಗದಲ್ಲಿ ಆ ಕಡತದ ಹೆಸರು ಕೊಟ್ಟೆವು. 'ಫಾಲ್ಸ್' ಹೋಯಿತು, ರೇಟು ಬಂತು. ಅರ್ಧ ಗಂಟೆಯ ಕೆಲಸ. ತಾಣದವರಿಗೂ ಬರೆದೆ, ಕೆಲವು ವಾರದಲ್ಲಿ ಸರಿಮಾಡಿದರು. ಯಾರು ಎಂದು ಹೇಳುವುದಿಲ್ಲ, ಇಂಥದ್ದು ಯಾರಿಗೂ ಆಗಬಹುದು.

ಬೇರೆ ಕಾರಣಗಳೂ ಇರುತ್ತವೆ. ಸಂದೇಶವನ್ನು ಪೂರ್ತಿ ಓದಿದರೆ ಯಾವುದು ಎಂದು ಅದರಲ್ಲೇ ಇರುತ್ತದೆ. ಇನ್ನೂ ಜಾರಿಗೆ ಬಂದಿಲ್ಲ ಎಂದರೆ ಹೆಚ್ಚಾಗಿ ನಿಮ್ಮ ಕಂಪ್ಯೂಟರಿನ ಗಡಿಯಾರ ತಪ್ಪಿದೆ. ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಒಳಗಿನ ಸಣ್ಣ ಬ್ಯಾಟರಿ ಸತ್ತು, ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಅದು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿತ್ತು. ಆಗ ಲೋಕದ ಯಾವ ಸರ್ಟಿಫಿಕೇಟೂ ಅದಕ್ಕೆ ಸರಿ ಕಾಣುತ್ತಿರಲಿಲ್ಲ. ಅವಧಿ ಮುಗಿದಿದೆ ಎಂದರೆ ತಾಣದವರು ನವೀಕರಿಸಿಲ್ಲ, ಇಲ್ಲವೇ ನಿಮ್ಮ ಪಟ್ಟಿ ಹಳತಾಗಿದೆ. 2021ರ ಸೆಪ್ಟೆಂಬರ್ 30ರಂದು ಇದು ದೊಡ್ಡದಾಗಿ ಆಯಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಾ ಬಂದಿದೆ. ಸಣ್ಣ ಸಣ್ಣ ಕನ್ನಡ ತಾಣಗಳಿಗೂ ಇವತ್ತು ಬೀಗ ಇರುವುದಕ್ಕೆ ಇಂಥ ಉಚಿತ ಸರ್ಟಿಫಿಕೇಟುಗಳು ಮುಖ್ಯ ಕಾರಣ. ಅದು ಆರಂಭದಲ್ಲಿ ಆತುಕೊಂಡಿದ್ದ ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ ಆ ದಿನ ಮುಗಿಯಿತು. ಪಟ್ಟಿ ನವೀಕರಿಸದ ಹಳೆಯ ಪ್ರೋಗ್ರಾಮುಗಳು ಒಂದೇ ದಿನ ನಿಂತವು. ಮುಂದೆ ಇಂಥದ್ದಕ್ಕೆ ಜಾಸ್ತಿ ಎಚ್ಚರ ಬೇಕು. ಸರ್ಟಿಫಿಕೇಟುಗಳ ಗರಿಷ್ಠ ಆಯಸ್ಸನ್ನು ಹಂತಹಂತವಾಗಿ ಇಳಿಸಿ 2029ರ ಮಾರ್ಚಿಗೆ 47 ದಿನಕ್ಕೆ ತರಲು ಬ್ರೌಸರಿನವರು ಮತ್ತು ಪ್ರಾಧಿಕಾರದವರು 2025ರಲ್ಲಿ ನಿರ್ಧಾರ ಮಾಡಿದ್ದಾರೆ.

ಪುಟ ಬಂತು ಎಂದಿಟ್ಟುಕೊಳ್ಳಿ. ನಮಗೆ ಕನ್ನಡದವರಿಗೆ ಅಲ್ಲಿಗೆ ಮುಗಿಯುವುದಿಲ್ಲ. ಬಂದದ್ದು ಬೈಟುಗಳು, ಅಕ್ಷರ ಅಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. 'ಅಡಿಕೆ' ಎಂದು ಬರೆದರೆ ಅ, ಡ, ಗುಡಿಸು, ಕ, ಎತ್ವ ಎಂದು ಐದು ಚಿಹ್ನೆ, 15 ಬೈಟು. ಸರ್ವರ್ ಇದು ಯುಟಿಎಫ್-8 ಎಂದು ತಲೆಬರಹದಲ್ಲಿ ಹೇಳದಿದ್ದರೆ ರಿಕ್ವೆಸ್ಟ್ಸ್ ಅದನ್ನು ಯುರೋಪಿನ ಹಳೆಯ ಒಂದು ಬೈಟಿನ ಲಿಪಿ ಎಂದು ತಿಳಿಯುತ್ತದೆ. ಆಗ ಕನ್ನಡ ಇರಬೇಕಾದ ಕಡೆ ತಲೆಯ ಮೇಲೆ ಗೀರು ಇರುವ ಇಂಗ್ಲಿಷಿನ ಎ ಸಾಲು ಸಾಲಾಗಿ ಕಾಣುತ್ತದೆ. ಪುಟ ಹಾಳಾಗಿದೆ ಎಂದು ಬಿಟ್ಟವರನ್ನು ನಾನು ಕಂಡಿದ್ದೇನೆ. ಪುಟ ಸರಿಯೇ ಇರುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಎಂದು ನೀವೇ ಹೇಳಿದರೆ ಕನ್ನಡ ಎದ್ದು ಬರುತ್ತದೆ.

ಇನ್ನೊಂದು ನನ್ನನ್ನು ಎರಡು ದಿನ ಸತಾಯಿಸಿತು. ಪುಟದಲ್ಲಿ 'ಹೊಸ ಅಡಿಕೆ' ಕಣ್ಣಿಗೆ ಕಾಣುತ್ತದೆ, ಪ್ರೋಗ್ರಾಮಿಗೆ ಸಿಗುವುದಿಲ್ಲ. ಕೊನೆಗೆ ನೋಡಿದರೆ 'ಹೊ'ದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎರಡನ್ನು ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹೋಲಿಸುವ ಮೊದಲು ಎರಡು ಕಡೆಯನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದರೆ ಸರಿಹೋಗುತ್ತದೆ. ನುಡಿ, ಬರಹ ಫಾಂಟುಗಳ ಕಾಲದ ಹಳೆಯ ಪುಟಗಳದ್ದು ಬೇರೆಯೇ ಕತೆ. ಅಲ್ಲಿ ಒಳಗೆ ಇರುವುದು ಕನ್ನಡದ ಸಂಕೇತವೇ ಅಲ್ಲ, ಪರಿವರ್ತಕ ಬೇಕು.

ಹಿರಿಯರಿಗೆ ಇಷ್ಟವಾಗುವ ಒಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ತರುತ್ತೇವೆ. ಮುರಕಲ್ಲಿನಿಂದ ನೀರು ನೂಲಿನ ಹಾಗೆ ಇಳಿಯುತ್ತದೆ. ಕೆಳಗಿನ ಮದಕ ತುಂಬುವವರೆಗೆ ಕಾಯುತ್ತೇವೆ. ಒಬ್ಬನೇ ಪಂಪು ಇಟ್ಟು ಎಳೆದರೆ ಪಕ್ಕದ ತೋಟಕ್ಕೆ ಇಲ್ಲ. ಸಣ್ಣ ಸಂಸ್ಥೆಗಳ ಸರ್ವರುಗಳೂ ಹಾಗೇ. ರೇಟು ದಿನಕ್ಕೆ ಒಂದು ಸಲ ಬದಲಾಗುವುದಾದರೆ ನಿಮಿಷಕ್ಕೊಮ್ಮೆ ಸುಮ್ನೆ ಕೇಳಬೇಡಿ. ಪ್ರೋಗ್ರಾಮುಗಳು ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂದು ರೋಬಾಟ್ಸ್ ಎಂಬ ಪಠ್ಯ ಕಡತದಲ್ಲಿ ಬರೆದಿಡುವ ಪದ್ಧತಿ 1994ರಿಂದ ಉಂಟು, ಅದನ್ನು ಓದಿ. 429 ಎಂಬ ಉತ್ತರ ಬಂದರೆ ಜಾಸ್ತಿ ಕೇಳುತ್ತಿದ್ದೀರಿ ಎಂದು ಅರ್ಥ, ನಿಲ್ಲಿಸಿ. ಮತ್ತೆ ಎಷ್ಟು ಹೊತ್ತು ಕಾಯಬೇಕು ಎಂದು ನೀವೇ ಹೇಳಿ. ರಿಕ್ವೆಸ್ಟ್ಸ್ ತಾನಾಗಿ ಯಾವ ಗಡುವೂ ಇಟ್ಟುಕೊಳ್ಳುವುದಿಲ್ಲ. ಸರ್ವರ್ ಸುಮ್ಮನಾದರೆ ನಿಮ್ಮ ಪ್ರೋಗ್ರಾಮ್ ಅಲ್ಲೇ ಕೂತಿರುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: "ಹಾಗಾದರೆ ಬೀಗದ ಗುರುತು ಇದ್ದ ಪುಟದಲ್ಲಿ ಬರೆದದ್ದೆಲ್ಲ ನಿಜವೋ?" ಇಲ್ಲ ಎಂದೆ. ನೀವು ಮಾತಾಡುತ್ತಿರುವುದು ಆ ಹೆಸರಿನ ತಾಣದ ಜೊತೆಗೇ, ನಡುವೆ ಬೇರೆ ಯಾರೂ ಕೇಳುತ್ತಿಲ್ಲ, ತಿದ್ದುತ್ತಿಲ್ಲ, ಅಷ್ಟನ್ನು ಅದು ಹೇಳುತ್ತದೆ. ಮೋಸ ಮಾಡುವವನೂ ತನ್ನ ಹೆಸರಿನ ತಾಣಕ್ಕೆ ಸರ್ಟಿಫಿಕೇಟ್ ಪಡೆಯಬಹುದು. ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿದ ತಾಣಕ್ಕೂ ಬೀಗ ಇರುತ್ತದೆ. ಹೆಸರನ್ನು ನೀವೇ ಅಕ್ಷರ ಬಿಡದೆ ಓದಬೇಕು.

ಆಮೇಲೆ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ತಂದಳು. "ಸರ್, ಹಾಸ್ಟೆಲಿನಲ್ಲಿ ನನ್ನ ಪ್ರೋಗ್ರಾಮ್ ಬೆಳಿಗ್ಗೆ ಯಾವಾಗಲೂ ಫೇಲ್ ಆಗುತ್ತದೆ, ಮಧ್ಯಾಹ್ನ ಸರಿ ಇರುತ್ತದೆ. ನಾನೂ ವೆರಿಫೈ ತೆಗೆದಿದ್ದೆ." ಹಳೆಯ ಸಂದೇಶ ಅವಳಲ್ಲಿ ಇತ್ತು. ಇಬ್ಬರೂ ಪೂರ್ತಿ ಓದಿದೆವು. ಹೆಸರು ಹೊಂದುತ್ತಿಲ್ಲ ಎಂದಿತ್ತು. ಬಂದ ಸರ್ಟಿಫಿಕೇಟಿನಲ್ಲಿ ಅವಳು ಕೇಳಿದ ತಾಣದ ಹೆಸರಿನ ಬದಲು ಹಾಸ್ಟೆಲಿನ ವೈಫೈ ಪೆಟ್ಟಿಗೆಯ ಹೆಸರು. ದಿನದ ಮೊದಲ ಸಲ ಬ್ರೌಸರಿನಲ್ಲಿ ಪಾಸ್‌ವರ್ಡ್ ಕೊಡುವವರೆಗೆ ಆ ಪೆಟ್ಟಿಗೆ ಎಲ್ಲರ ಸಂಪರ್ಕವನ್ನೂ ತನ್ನ ಲಾಗಿನ್ ಪುಟದ ಕಡೆಗೆ ತಿರುಗಿಸುತ್ತಿತ್ತು. "ಅಂದರೆ ನಾನು ಕಳಿಸಿದ್ದೆಲ್ಲ ಅದಕ್ಕೆ ಹೋಗುತ್ತಿತ್ತಾ?" ಎಂದಳು. ಹೌದು ಎಂದೆ. ಅವಳು ಅಲ್ಲೇ ನಿಂತು ಆ ಸಾಲನ್ನು ಅಳಿಸಿದಳು, ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿಕೊಂಡು ಮತ್ತೆ ಓಡಿಸಿದಳು. ಪರೀಕ್ಷೆ ಪಾಸಾಗಿ ಪುಟ ಬಂತು.